ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್, ಬಿಸಿಯಾಗಿ ನಿಂತರೆ ಎಂಜಿನ್ ಹತ್ತುವುದಿಲ್ಲ: 2003ರ ಎಂಪಿಎಫ್‌ಐ ಕಾರು, ದೋಷ ಹುಡುಕಲು ನೆರವು ಬೇಕು

ಹನುಮಂತನಗರ_03

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2003ರಲ್ಲಿ ಕೊಂಡ 1.1 ಲೀಟರಿನ ಸಣ್ಣ ಪೆಟ್ರೋಲ್ ಕಾರನ್ನು (ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಬಗೆ) ಅವರು ಹೋದ ಮೇಲೆ ನಾನು ಓಡಿಸುತ್ತಿದ್ದೇನೆ. ಈವರೆಗೆ ಓಡಿರುವುದು 96,000 ಕಿಲೋಮೀಟರ್. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ, ದಾರಿಯಲ್ಲಿ ಯಾವ ತಕರಾರೂ ಇಲ್ಲ. ಆದರೆ ಗಾಂಧಿ ಬಜಾರಿನಲ್ಲಿ ನಿಲ್ಲಿಸಿ, ಹೂವು ತರಕಾರಿ ಕೊಂಡು ಇಪ್ಪತ್ತು ನಿಮಿಷದಲ್ಲಿ ಹಿಂತಿರುಗಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಪ್ರಯತ್ನಿಸಿದರೆ ಏನೂ ಆಗಿರಲೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ ಬದಲಿಸಿದರು, ಆಮೇಲೆ ನಾಲ್ಕೂ ಪ್ಲಗ್ಗುಗಳನ್ನು, ಮೂರನೆಯ ಸಲ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನು. ಒಟ್ಟು 14,600 ರೂಪಾಯಿ ಖರ್ಚಾಯಿತು. ಕಳೆದ ವಾರ, ‘ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಅದನ್ನು ಬದಲಿಸಿ, ಇಲ್ಲದಿದ್ದರೆ ಗಾಡಿಯನ್ನು ಗುಜರಿಗೆ ಕೊಟ್ಟುಬಿಡಿ’ ಎಂದರು. ಗುಜರಿಗೆ ಕೊಡುವ ಮನಸ್ಸು ನನಗಿಲ್ಲ. ನನ್ನ ಬಳಿ ಒಂದು ಮಲ್ಟಿಮೀಟರ್ ಇದೆ, ಹೇಳಿಕೊಟ್ಟರೆ ಅಳೆಯುವಷ್ಟು ಕಲಿತುಕೊಳ್ಳಬಲ್ಲೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂದು ದಯವಿಟ್ಟು ತಿಳಿಸಿ.

ಜೆ.ಸಿ. ರಸ್ತೆ ಬಿಡಿಭಾಗ

ಹಾಕಿದ ಪಂಪು ಕಂಪನಿಯದೋ, ಡೂಪ್ಲಿಕೇಟೋ? ಮೊದಲು ಅದನ್ನು ಕೇಳಿ. ನಮ್ಮ ರಸ್ತೆಯಲ್ಲಿ ಒಂದೇ ಗಾಡಿಯ ಪಂಪು ಮೂರು ಬೆಲೆಗೆ ಸಿಗುತ್ತದೆ. ಅಗ್ಗದ್ದು ಬಿಸಿಯಾದರೆ ಸೋತುಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಯಲಹಂಕ ಮೆಕ್ಯಾನಿಕ್

ಮೇಡಂ, ಮೂವತ್ತು ವರ್ಷ ಈ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇನ್ನು ಒಂದು ಭಾಗವನ್ನೂ ಕೊಳ್ಳಬೇಡಿ. ಎಂಜಿನ್ ಹತ್ತಬೇಕಾದರೆ ಪೆಟ್ರೋಲ್ ಬೇಕು, ಕಿಡಿ ಬೇಕು, ಸಿಲಿಂಡರಿನಲ್ಲಿ ಒತ್ತಡ ಬೇಕು, ಮತ್ತು ಇವೆಲ್ಲ ಸರಿಯಾದ ಗಳಿಗೆಗೆ ಒದಗಬೇಕು. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುವ ಎಂಜಿನ್ನಿನ ಒತ್ತಡಕ್ಕಾಗಲಿ ಟೈಮಿಂಗ್ ಬೆಲ್ಟಿಗಾಗಲಿ ಏನೂ ಆಗಿಲ್ಲ. ಬೆಲ್ಟ್ ತುಂಡಾಗಿದ್ದರೆ ಸೆಲ್ಫ್ ತಡೆಯಿಲ್ಲದೆ ಗಿರ್ರನೆ ತಿರುಗುವ ಸದ್ದೇ ಬೇರೆ, ಅಂಥ ಎಂಜಿನ್ ಮರುದಿನವೂ ಹತ್ತುವುದಿಲ್ಲ. ಹಾಗಾಗಿ ಉಳಿದದ್ದು ಪೆಟ್ರೋಲ್, ಕಿಡಿ ಮತ್ತು ಅವೆರಡನ್ನೂ ನಡೆಸುವ ಸಂಜ್ಞೆ.

ದೋಷ ಕಾಣಿಸಿಕೊಂಡಿರುವಾಗಲೇ ಪರೀಕ್ಷಿಸಬೇಕು. ಗಾಡಿ ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನಿಮ್ಮ ಗ್ಯಾರೇಜಿನವರು ಎಡವಿದ್ದು ಅಲ್ಲೇ ಇರಬೇಕು. ಮುಂದಿನ ಸಲ ಗಾಡಿ ನಿಂತಾಗ ಈ ನಾಲ್ಕನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡು ಪಂಪಿನ ‘ಝೂಂ’ ಎಂಬ ಸದ್ದು ಬರುತ್ತದೆಯೇ? ಚೆಕ್ ಎಂಜಿನ್ ದೀಪ ಹತ್ತುತ್ತದೆಯೇ? ಇಮ್ಮೊಬಿಲೈಸರ್ (ಬೇರೆ ಕೀಗೆ ಎಂಜಿನ್ ಹತ್ತದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ದೀಪ ಮಿಟುಕುತ್ತಿದೆಯೇ? ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು (ಎಂಜಿನ್ ತಿರುಗುವ ವೇಗ ತೋರಿಸುವುದು) ಸ್ವಲ್ಪವಾದರೂ ಅಲುಗುತ್ತದೆಯೇ, ಇಲ್ಲವೇ ಸೊನ್ನೆಯಲ್ಲೇ ಬಿದ್ದಿರುತ್ತದೆಯೇ? ಕೊನೆಯದ್ದಕ್ಕೆ ನೀವು ಕೊಡುವ ಉತ್ತರವೇ ನನಗೆ ಎಲ್ಲಕ್ಕಿಂತ ಮುಖ್ಯ.

ಕೆಂಗೇರಿ ಉಪನಗರ

ಇದು ಖಂಡಿತವಾಗಿ ಎಥನಾಲಿನ ಕಾಟ. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ಈಗ ಬಂಕಿಗೆ ಹೋದರೆ ಅದೇ ಸಿಗುತ್ತಿದೆ. 2003ರ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕಾಗಿ ಮಾಡಿದ್ದೇ ಅಲ್ಲ. ಬಿಸಿಯಾದಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗುಳ್ಳೆ ಕಟ್ಟಿಕೊಳ್ಳುತ್ತದೆ.

ರಾಜಾಜಿನಗರ ಹಳೆಗಾಡಿ

ಕೆಂಗೇರಿಯವರೇ, ರಬ್ಬರಿನ ವಿಷಯದಲ್ಲಿ ನಿಮ್ಮ ಕಾಳಜಿಯನ್ನು ನಾನು ಒಪ್ಪುತ್ತೇನೆ, ಹಳೆಯ ಗಾಡಿಯಿರುವ ಎಲ್ಲರೂ ಇಂಧನದ ಪೈಪುಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಆದರೆ ಗುಳ್ಳೆಯ ಮಾತನ್ನು ಒಪ್ಪಲಾರೆ. ಆವಿಯ ಗುಳ್ಳೆ ಹೆಚ್ಚಾಗಿ ಕಾಡುತ್ತಿದ್ದುದು ಕಾರ್ಬ್ಯುರೇಟರ್ ಗಾಡಿಗಳನ್ನು. ಅಲ್ಲಿ ಎಂಜಿನ್ನಿಗೇ ಅಂಟಿಕೊಂಡ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿದ್ದು, ಮುಂದಕ್ಕೆ ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭವಾಗಿ ಆವಿಯಾಗದು.

ಎಥನಾಲಿನಿಂದ ನಿಜವಾದ ತೊಂದರೆ ಬರುವುದು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಟ್ಟಾಗ. ಅದು ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಪಂಪು ಮೊದಲು ಹೀರುವುದು ಆ ತಳದ್ದನ್ನೇ. 2020ರ ಲಾಕ್‌ಡೌನಿನಲ್ಲಿ ನಾಲ್ಕು ತಿಂಗಳು ನಿಂತಿದ್ದ ನನ್ನ ಗಾಡಿಯ ಟ್ಯಾಂಕಿನಿಂದ ತೆಗೆದದ್ದನ್ನು ಗಾಜಿನ ಬಾಟಲಿಗೆ ಸುರಿದಾಗ ತಳದಲ್ಲಿ ಎರಡು ಬೆರಳಿನಷ್ಟು ಬೇರೆಯದೇ ಪದರ ನಿಂತಿತ್ತು. ಈ ಮೇಡಂ ಅವರದು ದಿನವೂ ಓಡುವ ಗಾಡಿ, ದಾರಿಯಲ್ಲಿ ಒಮ್ಮೆಯೂ ಕೆಮ್ಮದ ಎಂಜಿನ್. ಹಾಗಾಗಿ ಆ ಕಾರಣ ಇಲ್ಲಿಗೆ ಹೊಂದುವುದಿಲ್ಲ.

ವಿಜಯನಗರ

ಹಳೆಯ ಕಾಲದಲ್ಲಿ ಚೋಕ್ ಎಳೆದು, ನಾಲ್ಕು ಜನ ತಳ್ಳಿದರೆ ಗಾಡಿ ಹೊರಡುತ್ತಿತ್ತು. ಇದನ್ನೂ ತಳ್ಳಿ ನೋಡಬಾರದೇ?

ಯಲಹಂಕ ಮೆಕ್ಯಾನಿಕ್

ತಳ್ಳುವುದು ಸೆಲ್ಫ್ ಮೋಟಾರಿನ ಕೆಲಸಕ್ಕೆ ಬದಲಿಯಷ್ಟೆ ಸರ್. ಇವರ ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿರುವಾಗ ತಳ್ಳಿ ಪ್ರಯೋಜನವಿಲ್ಲ. ಮೇಲಾಗಿ ಕಿಡಿಯಿಲ್ಲದೆ ಪೆಟ್ರೋಲ್ ಮಾತ್ರ ಹೋಗುತ್ತಿದ್ದರೆ, ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆಯನ್ನು ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಸೇರಿ, ಗಾಡಿ ಹತ್ತಿದ ಗಳಿಗೆಯಲ್ಲಿ ಅದನ್ನು ಸುಟ್ಟುಬಿಡಬಹುದು.

ಬೆಳ್ಳಂದೂರು_ಮಳೆ

ಇಮ್ಮೊಬಿಲೈಸರ್ ಜೊತೆಗೆ ಇನರ್ಷಿಯಾ ಸ್ವಿಚ್ಚನ್ನೂ ನೋಡಲು ಹೇಳಿ. ಆ ಕಾಲದ ಫೋರ್ಡ್ ಮತ್ತು ಫಿಯೆಟ್ ಕಾರುಗಳಲ್ಲಿ, ಅಪಘಾತವಾದರೆ ಪಂಪನ್ನು ನಿಲ್ಲಿಸಲೆಂದು ಈ ಸ್ವಿಚ್ ಇರುತ್ತಿತ್ತು. ನಮ್ಮ ರಸ್ತೆಯ ಗುಂಡಿಯಲ್ಲಿ ಗಾಡಿ ಜೋರಾಗಿ ಬಿದ್ದರೂ ಅದು ಜಿಗಿಯಬಹುದು. ಸ್ವಿಚ್ಚಿನ ಮೇಲಿರುವ ಬಟನ್ನನ್ನು ಒತ್ತಿದರೆ ಸರಿಹೋಗುತ್ತದೆ, ಖರ್ಚಿಲ್ಲ.

ಬನಶಂಕರಿ 2ನೇ ಹಂತ

ಒಮ್ಮೆ ಜಿಗಿದ ಸ್ವಿಚ್ ಕೈಯಿಂದ ಒತ್ತುವ ತನಕ ಹಾಗೆಯೇ ಇರುತ್ತದೆ, ಒಂದು ಗಂಟೆ ಕಾದರೆ ತಾನಾಗಿ ಸರಿಹೋಗುವುದಿಲ್ಲ. ಇಲ್ಲಿ ಕಾದರೆ ಸರಿಹೋಗುತ್ತಿದೆ ಎಂಬುದನ್ನು ಮರೆಯಬೇಡಿ.

ನನ್ನ ಅನುಮಾನ ನೀರಿನ ಉಷ್ಣಾಂಶದ ಸೆನ್ಸರಿನ ಮೇಲೆ. ಅದರ ವೈರು ತುಂಡಾದರೆ ಇಸಿಎಂ ಎಂಜಿನ್ ಹಿಮದಲ್ಲಿ ನಿಂತಿದೆಯೆಂದು ತಿಳಿದು, ಬಿಸಿ ಎಂಜಿನ್ನಿಗೆ ವಿಪರೀತ ಪೆಟ್ರೋಲ್ ಸುರಿಯುತ್ತದೆ, ಪ್ಲಗ್ಗುಗಳು ತೊಯ್ದುಹೋಗುತ್ತವೆ. ಸಾಮಾನ್ಯವಾಗಿ ಈ ಸೆನ್ಸರ್ 20 ಡಿಗ್ರಿಯಲ್ಲಿ 2 ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 200 ರಿಂದ 400 ಓಮ್ ತೋರಿಸಬೇಕು. ಗಾಡಿ ಹತ್ತದಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಹಾಗೆ ಮಾಡಿದರೆ ಅನೇಕ ಗಾಡಿಗಳಲ್ಲಿ ಇಸಿಎಂ ಇಂಜೆಕ್ಟರುಗಳನ್ನು ನಿಲ್ಲಿಸಿ ಹೆಚ್ಚಾದ ಪೆಟ್ರೋಲನ್ನು ಹೊರಹಾಕುತ್ತದೆ. ಆಗ ಸ್ಟಾರ್ಟ್ ಆದರೆ ದೋಷ ಸಿಕ್ಕಿತು.

ಮಾರತ್‌ಹಳ್ಳಿ_ಟೆಕ್

ಇಷ್ಟೆಲ್ಲ ಏಕೆ? ಆನ್‌ಲೈನಿನಲ್ಲಿ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಸಿಗುತ್ತದೆ, ಮೊಬೈಲಿಗೆ ಜೋಡಿಸಿದರೆ ದೋಷ ತಾನೇ ಬರುತ್ತದೆ.

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ಸರ್, ನಮ್ಮಲ್ಲಿ ಓಬಿಡಿ ಕಡ್ಡಾಯವಾದದ್ದು ಭಾರತ್ ಸ್ಟೇಜ್ 4 ಎಂಬ ಹೊಗೆ ಮಿತಿಯ ನಿಯಮದ ಜೊತೆಗೆ, 2010ರ ನಂತರ. ಈ ಗಾಡಿ ಬೆಂಗಳೂರಿಗೆ ಭಾರತ್ ಸ್ಟೇಜ್ 2 ಬಂದ ವರ್ಷದ್ದು. ಆ ಕಾಲದಲ್ಲಿ ಒಬ್ಬೊಬ್ಬ ತಯಾರಕರದ್ದು ಒಂದೊಂದು ಭಾಷೆ, ಸಾಕೆಟ್ ನೋಡಲು ಒಂದೇ ತರಹ ಇದ್ದರೂ ಈಗಿನ ಅಗ್ಗದ ಸ್ಕ್ಯಾನರಿಗೆ ಅವು ಉತ್ತರ ಕೊಡುವುದಿಲ್ಲ. ಕೆಲವು ಗಾಡಿಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ಎರಡು ಪಿನ್ನುಗಳನ್ನು ವೈರಿನಿಂದ ಜೋಡಿಸಿ, ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿಟುಕುತ್ತದೆಂದು ಎಣಿಸಿ ಕೋಡ್ ಓದಬೇಕು. ಹಳೆಯ ಸುಜುಕಿ ಎಂಜಿನ್ನುಗಳಲ್ಲಿ 12 ಬಂದರೆ ಎಲ್ಲ ಸರಿಯಿದೆ ಎಂದರ್ಥ. ಯಾವ ಪಿನ್ನುಗಳು ಎಂಬುದು ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ, ಅದನ್ನು ನೋಡದೆ ಊಹೆಯ ಮೇಲೆ ಜೋಡಿಸಿದರೆ ಇಸಿಎಂ ನಿಜವಾಗಿಯೂ ಸುಟ್ಟೀತು.

ಹನುಮಂತನಗರ_03

ನೀವೆಲ್ಲರೂ ಇಷ್ಟು ಮುತುವರ್ಜಿಯಿಂದ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಇಂದು ಮಧ್ಯಾಹ್ನ ಬೇಕೆಂದೇ ಬನಶಂಕರಿ ದೇವಸ್ಥಾನದವರೆಗೆ ಹೋಗಿ, ಬಿಸಿಲಿನಲ್ಲಿ ನಿಲ್ಲಿಸಿ ಕಾದೆ. ಇಪ್ಪತ್ತೈದು ನಿಮಿಷದ ನಂತರ ಗಾಡಿ ಹತ್ತಲಿಲ್ಲ.

ಕೀ ಆನ್ ಮಾಡಿದಾಗ ಪಂಪಿನ ಸದ್ದು ಕೇಳಿಸಿತು, ಮೂರು ಸೆಕೆಂಡಿನಷ್ಟು. ಚೆಕ್ ಎಂಜಿನ್ ದೀಪ ಹತ್ತಿತು. ಇಮ್ಮೊಬಿಲೈಸರ್ ಈ ಮಾದರಿಯಲ್ಲಿ ಇಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಸಂಜೆ ಗಾಡಿ ತಣ್ಣಗಾಗಿ ಸ್ಟಾರ್ಟ್ ಆಗುವಾಗ ಮಾತ್ರ ಮುಳ್ಳು ಮೊದಲು 200ರ ಹತ್ತಿರ ನಡುಗಿ ಆಮೇಲೆ ಏರಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹೊಡೆದರೂ ಪ್ರಯೋಜನವಾಗಲಿಲ್ಲ, ಪೆಟ್ರೋಲಿನ ವಾಸನೆಯೂ ಬರಲಿಲ್ಲ. ಇನ್ನೊಂದು ಸಂಗತಿ: ನಾನು ಸೆಲ್ಫ್ ಹೊಡೆಯುತ್ತಿದ್ದಾಗ ನನ್ನ ತಮ್ಮ ಹಿಂದಿನ ಸೀಟಿಗೆ ಕಿವಿಯಿಟ್ಟು ಕೇಳಿದ. ಆ ಹೊತ್ತಿನಲ್ಲಿ ಪಂಪು ಮೌನವಾಗಿತ್ತಂತೆ. ಗ್ಯಾರೇಜಿನವರೂ ಅದನ್ನೇ ನೋಡಿ ಪಂಪು ಬದಲಿಸಿದ್ದು.

ಯಲಹಂಕ ಮೆಕ್ಯಾನಿಕ್

ನಿಮ್ಮ ತಮ್ಮನಿಗೆ ನನ್ನ ಮೆಚ್ಚುಗೆ ತಿಳಿಸಿ ಮೇಡಂ, ಅವರು ಕೇಳಿಸಿಕೊಂಡ ಮೌನದಲ್ಲೇ ಅರ್ಧ ಉತ್ತರವಿದೆ.

ಕೀ ಆನ್ ಮಾಡಿದಾಗ ಪೈಪಿನಲ್ಲಿ ಒತ್ತಡ ತುಂಬಲೆಂದು ಇಸಿಎಂ ಪಂಪನ್ನು ಎರಡು ಮೂರು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಆಮೇಲೆ ಎಂಜಿನ್ ತಿರುಗುತ್ತಿದೆ ಎಂಬ ಸಂಜ್ಞೆ ಬಂದರೆ ಮಾತ್ರ ಪಂಪನ್ನು ಮತ್ತೆ ಚಾಲೂ ಮಾಡುತ್ತದೆ. ಅಪಘಾತವಾಗಿ ಎಂಜಿನ್ ನಿಂತ ಮೇಲೂ ಪಂಪು ಪೆಟ್ರೋಲ್ ಸುರಿಯುತ್ತಿರಬಾರದು ಎಂಬುದೇ ಇದರ ಉದ್ದೇಶ. ಆ ಸಂಜ್ಞೆಯನ್ನು ಕೊಡುವುದು, ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಗ್ರಹಿಸುವ ಕ್ರ್ಯಾಂಕ್ ಸೆನ್ಸರ್. ಕಿಡಿ ಯಾವಾಗ ಹಾರಬೇಕು, ಇಂಜೆಕ್ಟರ್ ಯಾವಾಗ ತೆರೆಯಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಹಾಗಾಗಿ ಆ ಒಂದು ಸಂಜ್ಞೆ ನಿಂತರೆ ಪಂಪು, ಕಿಡಿ, ಇಂಜೆಕ್ಟರ್, ಬಹಳಷ್ಟು ಗಾಡಿಗಳಲ್ಲಿ ಆರ್‌ಪಿಎಂ ಮುಳ್ಳೂ ಸೇರಿ, ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತವೆ. ಪಂಪನ್ನೊಂದೇ ನೋಡಿದವರಿಗೆ ಪಂಪು ಕೆಟ್ಟಂತೆ ಕಾಣುತ್ತದೆ, ಕಿಡಿಯನ್ನೊಂದೇ ನೋಡಿದವರಿಗೆ ಅದನ್ನು ಹುಟ್ಟಿಸುವ ಕಾಯಿಲ್ ಕೆಟ್ಟಂತೆ ಕಾಣುತ್ತದೆ, ಎಲ್ಲವನ್ನೂ ನೋಡಿ ಗಾಬರಿಯಾದವರು ಇಸಿಎಂ ಎನ್ನುತ್ತಾರೆ.

ಬಿಸಿಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಗಾಡಿ ಓಡುವಾಗ ಗಾಳಿ ಹರಿಯುತ್ತದೆ, ನೀರು ತಿರುಗುತ್ತದೆ. ನಿಲ್ಲಿಸಿದ ಮೇಲೆ ಎರಡೂ ನಿಂತು, ಎಂಜಿನ್ನಿನ ಬಿಸಿ ಸುತ್ತಲಿನ ಭಾಗಗಳಿಗೆ ಏರುತ್ತದೆ. ಹತ್ತರಿಂದ ಮೂವತ್ತು ನಿಮಿಷದವರೆಗೆ ಬಾನೆಟ್ಟಿನ ಕೆಳಗೆ, ಓಡುತ್ತಿದ್ದಾಗಿನದಕ್ಕಿಂತ ಹೆಚ್ಚು ಕಾವು ಇರುತ್ತದೆ. ಆ ಕಾವಿಗೆ ಕೈಕೊಡುತ್ತಿರುವ ಕ್ರ್ಯಾಂಕ್ ಸೆನ್ಸರ್ ಬದಲಿಸಿ, ಗಾಡಿ ಸರಿಹೋಗುತ್ತದೆ.

ಜೆ.ಸಿ. ರಸ್ತೆ ಬಿಡಿಭಾಗ

ಪಂಪಿನ ಬಗ್ಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಸೆನ್ಸರ್ ಬೇಕಿದ್ದರೆ ಹಳೆಯದನ್ನು ಕೈಯಲ್ಲೇ ತನ್ನಿ, ಅದರ ಮೇಲಿನ ನಂಬರ್ ನೋಡಿಯೇ ಕೊಳ್ಳಬೇಕು. ಒಂದೇ ಮಾದರಿಯಲ್ಲಿ ವರ್ಷಕ್ಕೆ ತಕ್ಕಂತೆ ಎರಡು ಬಗೆ ಇರುವುದುಂಟು.

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ಯಲಹಂಕದ ಗುರುಗಳೇ, ನಿಮ್ಮ ವಿವರಣೆಯ ಪ್ರತಿ ಮಾತಿಗೂ ನನ್ನ ಸಹಮತವಿದೆ, ಕೊನೆಯ ವಾಕ್ಯವೊಂದನ್ನು ಬಿಟ್ಟು. ಇನ್ನೊಂದು ಭಾಗವನ್ನು ಕೊಳ್ಳಬೇಡಿ ಎಂದು ಆರಂಭಿಸಿದ ನೀವೇ ಸೆನ್ಸರ್ ಬದಲಿಸಿ ಎನ್ನುತ್ತಿದ್ದೀರಿ. ಸಂಜ್ಞೆ ಬರುತ್ತಿಲ್ಲ ಎಂಬುದಷ್ಟೇ ಈಗ ಗೊತ್ತಾಗಿರುವುದು. ಸೆನ್ಸರಿನಿಂದ ಹೊರಡುತ್ತಿಲ್ಲವೋ, ಹೊರಟದ್ದು ಇಸಿಎಂ ತನಕ ತಲುಪುತ್ತಿಲ್ಲವೋ ಎಂಬುದು ಇನ್ನೂ ಗೊತ್ತಾಗಿಲ್ಲ. ಇಪ್ಪತ್ತೆರಡು ವರ್ಷ ಮೀರಿದ ವೈರಿಂಗು ಅದು, ಸೆನ್ಸರಿಗಿಂತ ಮೊದಲು ನಾನು ಅದನ್ನೇ ಅನುಮಾನಿಸುತ್ತೇನೆ.

ಮೇಡಂ, ಎರಡು ಕಡೆ ಅಳೆಯಬೇಕು. ಗಾಡಿ ತಣ್ಣಗಿದ್ದಾಗ ಸೆನ್ಸರಿನ ಪ್ಲಗ್ ಬಿಚ್ಚಿ ಅದರ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಆಮೇಲೆ ಸೆನ್ಸರಿನ ಪ್ಲಗ್ ಮರಳಿ ಜೋಡಿಸಿ, ಬ್ಯಾಟರಿಯ ನೆಗೆಟಿವ್ ತೆಗೆದು, ಇಸಿಎಂನ ಪ್ಲಗ್ ಬಿಚ್ಚಿ, ಅಲ್ಲಿಗೆ ಬರುವ ಅದೇ ಎರಡು ವೈರುಗಳ ನಡುವೆಯೂ ಅಳೆಯಿರಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ಗಾಡಿ ಹತ್ತದಿದ್ದಾಗ ಎರಡನ್ನೂ ಮತ್ತೆ ಅಳೆಯಿರಿ. ಮೀಟರಿನ ಮೊನೆಯನ್ನು ಪ್ಲಗ್ಗಿನ ರಂಧ್ರದೊಳಗೆ ತುರುಕಬೇಡಿ, ಒಳಗಿನ ತಗಡು ಅಗಲವಾದರೆ ಹೊಸ ದೋಷ ಹುಟ್ಟುತ್ತದೆ. ಸಣ್ಣ ಗುಂಡುಸೂಜಿಯನ್ನು ಹಿಂಬದಿಯಿಂದ ಮೆಲ್ಲಗೆ ತಾಗಿಸಿ. ಇಂಜೆಕ್ಟರ್ ಸಂಜ್ಞೆ ನೋಡಬೇಕಿದ್ದರೆ ಎಲ್‌ಇಡಿ ಟೆಸ್ಟರ್ ಬಳಸಿ, ಹಳೆಯ ಬಲ್ಬಿನ ಟೆಸ್ಟರ್ ಬೇಡ, ಬಲ್ಬು ಎಳೆಯುವ ಕರೆಂಟನ್ನು ಇಸಿಎಂ ತಾಳಲಾರದು. ಕಿಡಿ ನೋಡಲೆಂದು ಪ್ಲಗ್ ವೈರನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯುವುದೂ ಬೇಡ, ಕಾಯಿಲ್ ಸುಡಬಹುದು.

ಬನಶಂಕರಿ 2ನೇ ಹಂತ

ಉಷ್ಣಾಂಶದ ಸೆನ್ಸರ್ ಎಂದ ನನ್ನ ಊಹೆ ತಪ್ಪಾಗಿತ್ತು. ಪೆಟ್ರೋಲಿನ ವಾಸನೆ ಇಲ್ಲದಿರುವುದೂ ಮುಳ್ಳು ಸತ್ತಿರುವುದೂ ಅದನ್ನು ತಳ್ಳಿಹಾಕುತ್ತವೆ. ಆದರೆ ಪೀಣ್ಯದವರಿಗೊಂದು ಪ್ರಶ್ನೆ: ಸೆನ್ಸರಿಗೆ ಮೂರು ಪಿನ್ನಿದ್ದರೆ ಅದು ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಸೆನ್ಸರ್ ಅಲ್ಲವೇ? ಅದನ್ನು ಓಮ್ ಮೀಟರಿನಲ್ಲಿ ಅಳೆಯಲಾಗದು.

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ಒಳ್ಳೆಯ ಪ್ರಶ್ನೆ ಸರ್. ಹಾಲ್ ಸೆನ್ಸರನ್ನು ಓಮ್‌ನಲ್ಲಿ ಅಳೆಯಬಾರದು, ಅದು ನಿಜ. ಆದರೆ ಮೂರು ಪಿನ್ನಿರುವುದೆಲ್ಲ ಹಾಲ್ ಅಲ್ಲ. ಸುರುಳಿಯಿರುವ ಮ್ಯಾಗ್ನೆಟಿಕ್ ಸೆನ್ಸರುಗಳಲ್ಲೂ ಮೂರನೆಯ ಪಿನ್ ಇರುವುದುಂಟು. ಅದು ವೈರಿನ ಮೇಲಿನ ಜಾಲರಿ ಹೊದಿಕೆಯ ಪಿನ್. ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ವೈರಿನ ಕಡೆಯ ಪಿನ್ನುಗಳಲ್ಲಿ ವೋಲ್ಟೇಜ್ ನೋಡಿ. ಪೂರ್ತಿ 5 ಅಥವಾ 12 ವೋಲ್ಟ್ ಬರುತ್ತಿದ್ದರೆ ಹಾಲ್ ಸೆನ್ಸರ್. ಇಲ್ಲದಿದ್ದರೆ ಸುರುಳಿಯದು, ಅದನ್ನು ಓಮ್‌ನಲ್ಲಿ ಅಳೆಯಬಹುದು.

ವಿಜಯನಗರ

ಇಲಿ ಕಚ್ಚಿದೆಯೇ ಎಂದೂ ನೋಡಿ. ನಮ್ಮ ರಸ್ತೆಯಲ್ಲಿ ಈ ವರ್ಷ ಮೂರು ಗಾಡಿಗಳ ವೈರನ್ನು ಇಲಿಗಳು ಕಡಿದಿವೆ.

ಬೆಳ್ಳಂದೂರು_ಮಳೆ

ವೈರಿಂಗ್ ಎಂದಾಗ ನನ್ನ ಅನುಭವವನ್ನು ಹೇಳಲೇಬೇಕು. 2022ರ ಸೆಪ್ಟೆಂಬರಿನ ನೆರೆಯಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ನನ್ನ ಕಾರು ಸೀಟಿನ ಮಟ್ಟದವರೆಗೆ ನೀರಿನಲ್ಲಿ ಮುಳುಗಿ ಎರಡು ದಿನ ನಿಂತಿತ್ತು. ಎಂಜಿನ್ನಿನೊಳಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆಂದು ತಿಳಿದಿದ್ದರಿಂದ ಸೆಲ್ಫ್ ಮುಟ್ಟದೆ, ಪ್ಲಗ್ಗುಗಳನ್ನು ತೆಗೆಸಿ ನೀರು ಬಸಿಯಿಸಿದ ಮೇಲೆಯೇ ತಿರುಗಿಸಿದೆವು, ಎಂಜಿನ್ ಉಳಿಯಿತು. ಆದರೆ ಆರು ತಿಂಗಳ ಮೇಲೆ ಗಾಡಿ ಆಗಾಗ ಹತ್ತದಾಯಿತು. ಎರಡು ಸೆನ್ಸರುಗಳನ್ನು ಬದಲಿಸಿದ ಮೇಲೆ ತಿಳಿದದ್ದು, ಎಂಜಿನ್ನಿನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು ಎಂದು. ಅರ್ತ್ ಪಟ್ಟಿಯನ್ನೂ ಒಮ್ಮೆ ಅಳೆಯಿರಿ ಮೇಡಂ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಲೋಹಕ್ಕೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಬಾರದು.

ಹನುಮಂತನಗರ_03

ಎರಡು ದಿನ ತೆಗೆದುಕೊಂಡು ಎಲ್ಲವನ್ನೂ ಅಳೆದೆ. ಬ್ಯಾಟರಿ ನಿಂತಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಅರ್ತ್ ಪಟ್ಟಿಯಲ್ಲಿ 0.15. ಇಲಿಯ ಹಲ್ಲಿನ ಗುರುತು ಎಲ್ಲೂ ಇಲ್ಲ. ಸೆನ್ಸರಿಗೆ ಮೂರು ಪಿನ್ನುಗಳಿವೆ, 5 ವೋಲ್ಟೂ 12 ವೋಲ್ಟೂ ಬರುತ್ತಿಲ್ಲ, ಹಾಗಾಗಿ ಸುರುಳಿಯದೇ.

ಗಾಡಿ ತಣ್ಣಗಿದ್ದಾಗ ಸೆನ್ಸರಿನಲ್ಲಿ 860 ಓಮ್, ಇಸಿಎಂ ಕಡೆಯಲ್ಲಿ 861. ಗಾಡಿ ಹತ್ತದಿದ್ದಾಗ ಸೆನ್ಸರಿನಲ್ಲಿ 970 ಓಮ್. ಇಸಿಎಂ ಕಡೆಯಲ್ಲಿ ಮೀಟರ್ ಏನನ್ನೂ ತೋರಿಸುತ್ತಿಲ್ಲ, ವೈರು ತುಂಡಾದಾಗ ತೋರಿಸುವ ಗುರುತೇ ಬರುತ್ತಿದೆ. ಸೆನ್ಸರಿನ ಸಂಖ್ಯೆ 110 ಏರಿದೆಯಲ್ಲ, ಅದೂ ಕೆಟ್ಟಿದೆಯೇ?

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ಇಲ್ಲ ಮೇಡಂ, ಸೆನ್ಸರ್ ಪೂರ್ತಿ ಆರೋಗ್ಯವಾಗಿದೆ. ತಾಮ್ರದ ತಂತಿ ಬಿಸಿಯಾದಂತೆ ಅದರ ಓಮ್ ಏರುತ್ತದೆ, ಡಿಗ್ರಿಗೆ ನೂರಕ್ಕೆ 0.4ರಷ್ಟು. 860 ಇದ್ದದ್ದು 970 ಆಗಿದೆಯೆಂದರೆ ಸೆನ್ಸರ್ ಸುಮಾರು 32 ಡಿಗ್ರಿ ಹೆಚ್ಚು ಬಿಸಿಯಾಗಿದೆ, ಅಷ್ಟೇ. ಇಸಿಎಂ ಕಡೆಯಲ್ಲಿ ಸಂಪರ್ಕವೇ ಇಲ್ಲದಿರುವುದರಿಂದ ದೋಷ ನಡುವಿನ ವೈರಿನಲ್ಲಿದೆ. ಇಸಿಎಂ ಕಡೆ ಮೀಟರ್ ಹಚ್ಚಿಟ್ಟು, ತಮ್ಮನಿಗೆ ವೈರನ್ನು ಸೆನ್ಸರಿನಿಂದ ಆರಂಭಿಸಿ ಒಂದೊಂದು ಗೇಣಿನಷ್ಟು ಮೆಲ್ಲಗೆ ಬಾಗಿಸುತ್ತ ಬರಲು ಹೇಳಿ. ಎಲ್ಲಿ ಸಂಖ್ಯೆ ಮರಳಿ ಮೂಡುತ್ತದೆಯೋ ಅಲ್ಲಿ ನಿಲ್ಲಿಸಿ. ಬಿಸಿ ಸೈಲೆನ್ಸರ್ ಹತ್ತಿರ ಕೈಗೆ ದಪ್ಪ ಬಟ್ಟೆ ಇರಲಿ.

ಯಲಹಂಕ ಮೆಕ್ಯಾನಿಕ್

ಪೀಣ್ಯದವರು ತಡೆದದ್ದು ಒಳ್ಳೆಯದಾಯಿತು. ನಾನು ಹೇಳಿದ ಹಾಗೆ ಹೊಸ ಸೆನ್ಸರ್ ಹಾಕಿದ್ದರೆ, ಪ್ಲಗ್ ಬಿಚ್ಚಿ ಹಾಕುವಾಗ ವೈರು ಅಲುಗಿ ಒಂದು ವಾರ ಸರಿಯಿದ್ದು ಮತ್ತೆ ಕೆಡುತ್ತಿತ್ತು. ಕ್ಲಚ್ ಕೆಲಸ ಯಾವಾಗಲಾದರೂ ಮಾಡಿಸಿದ್ದೀರಾ?

ಹನುಮಂತನಗರ_03

ಸಿಕ್ಕಿತು! ಸೆನ್ಸರಿನಿಂದ ಒಂದು ಗೇಣು ಆಚೆ, ಗೇರ್‌ಬಾಕ್ಸಿನ ಬ್ರಾಕೆಟ್ ಪಕ್ಕದಲ್ಲಿ ವೈರಿಂಗ್ ಬಾಗುವ ಕಡೆ ತಮ್ಮ ಕೈಯಿಟ್ಟ ಕೂಡಲೇ ಮೀಟರಿನಲ್ಲಿ 970 ಮೂಡಿತು, ಕೈ ಬಿಟ್ಟರೆ ಮಾಯವಾಯಿತು. ಹೊರಗಿನ ಪ್ಲಾಸ್ಟಿಕ್ ಕೊಳವೆಯನ್ನು ಬಿಡಿಸಿದಾಗ ಒಳಗೆ ಕಪ್ಪು ಟೇಪಿನ ಒಂದು ಉಂಡೆಯಿತ್ತು. ಟೇಪು ಬಿಸಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತಿತ್ತು. ಅದರೊಳಗೆ ಎರಡು ವೈರುಗಳನ್ನು ಬೆಸುಗೆಯಿಲ್ಲದೆ ಬರೀ ಹೊಸೆದು ಬಿಟ್ಟಿದ್ದರು. ಒಂದು ಇನ್ನೂ ಕೆಂಪಗಿತ್ತು. ಇನ್ನೊಂದು ದೇವರ ಮನೆಯ ಹಳೆಯ ತಾಮ್ರದ ಚೊಂಬಿನಂತೆ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಜಾಲರಿ ಹೊದಿಕೆಯನ್ನು ಅಲ್ಲಿಗೇ ಕತ್ತರಿಸಿಬಿಟ್ಟಿದ್ದರು.

ಹೌದು, ಎಂಟು ವರ್ಷದ ಹಿಂದೆ ತಂದೆಯವರು ಕ್ಲಚ್ ಕೆಲಸ ಮಾಡಿಸಿದ್ದರು. ಬಿಲ್ಲು ಅವರ ಫೈಲಿನಲ್ಲಿ ಈಗಲೂ ಇದೆ. ಗೇರ್‌ಬಾಕ್ಸ್ ಇಳಿಸುವಾಗ ವೈರು ತುಂಡಾಗಿ, ಹೇಳದೆ ಹೊಸೆದಿರಬೇಕು.

ಈಗ ಯಾವ ವೈರು ಹಾಕಲಿ? ಮನೆಯಲ್ಲಿ ಸ್ಪೀಕರ್ ವೈರು ಇದೆ.

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ದಯವಿಟ್ಟು ಸ್ಪೀಕರ್ ವೈರು ಬೇಡ. ಸೆಲ್ಫ್ ವೇಗದಲ್ಲಿ ಈ ಸೆನ್ಸರ್ ಕೊಡುವ ವೋಲ್ಟೇಜ್ ಬಹಳ ಸಣ್ಣದು, ಪಕ್ಕದ ಇಗ್ನಿಷನ್ ವೈರಿನ ಗದ್ದಲ ಅದರೊಳಗೆ ಸೇರಬಾರದೆಂದೇ ಜಾಲರಿ ಹೊದಿಸಿರುತ್ತಾರೆ. ಎಸ್.ಪಿ. ರಸ್ತೆಯಲ್ಲಿ ಎರಡು ಎಳೆಯ ಜಾಲರಿ ಹೊದಿಕೆಯ ಕೇಬಲ್ ಸಿಗುತ್ತದೆ, ಬಿಸಿ ತಾಳುವಂಥದ್ದನ್ನು ಕೇಳಿ ಒಂದು ಮೀಟರ್ ತನ್ನಿ. ಹಸಿರಾದ ಭಾಗವನ್ನು ತಾಮ್ರ ಕೆಂಪಗೆ ಕಾಣುವ ತನಕ ಕತ್ತರಿಸಿ, ಬೆಸುಗೆ ಹಾಕಿ, ಒಂದೊಂದು ಎಳೆಗೂ ಹೀಟ್ ಶ್ರಿಂಕ್ ಕೊಳವೆ (ಬಿಸಿಮಾಡಿದರೆ ಕುಗ್ಗಿ ಬಿಗಿಯಾಗುವಂಥದ್ದು) ತೊಡಿಸಿ. ಎರಡು ಬೆಸುಗೆಗಳು ಅಕ್ಕಪಕ್ಕ ಬರದಂತೆ ಹಿಂದುಮುಂದಾಗಿರಲಿ. ಹೊಸ ಜಾಲರಿಯನ್ನು ಇಸಿಎಂ ಕಡೆಯಿಂದ ಬರುವ ಹಳೆಯ ಜಾಲರಿಗೆ ಮಾತ್ರ ಸೇರಿಸಿ, ದಾರಿಯಲ್ಲಿ ಗಾಡಿಯ ಲೋಹದ ಮೈಗೆ ತಾಗಿಸಬೇಡಿ. ಎರಡು ಕಡೆ ಅರ್ತ್ ಆದರೆ ಜಾಲರಿಯೇ ಗದ್ದಲವನ್ನು ಹೊತ್ತು ತರುತ್ತದೆ. ಬೆಸುಗೆ ಬರುವ ಕಡೆ ವೈರು ಬಾಗದಂತೆ, ಸೈಲೆನ್ಸರಿನಿಂದ ದೂರಕ್ಕೆ ಕ್ಲಿಪ್ ಹಾಕಿ ಕಟ್ಟಿ.

ಕೆಂಗೇರಿ ಉಪನಗರ

ಇ20 ಕಾರಣವಲ್ಲವೆಂದು ಒಪ್ಪಿದ್ದೇನೆ. ಆದರೂ ಮೇಡಂ, ಹೇಗೂ ಬಾನೆಟ್ ತೆರೆದಿದ್ದೀರಿ, ಇಂಧನದ ರಬ್ಬರ್ ಪೈಪುಗಳನ್ನು ಒಮ್ಮೆ ಬೆರಳಿನಿಂದ ಬಾಗಿಸಿ ನೋಡಿಬಿಡಿ. ಬದಲಿಸಬೇಕಾದರೆ ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಒತ್ತಡ ಇಳಿಸಿಕೊಂಡೇ ಪೈಪು ಬಿಚ್ಚಬೇಕು.

ಹನುಮಂತನಗರ_03

ವೈರು ಹಾಕಿ ಇಂದಿಗೆ ಆರು ದಿನ. ಕೇಬಲ್, ಕೊಳವೆ, ಕ್ಲಿಪ್ಪುಗಳು ಸೇರಿ 210 ರೂಪಾಯಿ. ಬೆಸುಗೆಯನ್ನು ತಮ್ಮನೇ ಹಾಕಿದ, ಪೀಣ್ಯದವರು ಹೇಳಿದಂತೆ ಒಂದೊಂದನ್ನೂ ಎಳೆದು ನೋಡಿದ ಮೇಲೆಯೇ ಕೊಳವೆ ತೊಡಿಸಿದೆವು. ಗಾಂಧಿ ಬಜಾರಿನಲ್ಲಿ ಮೂರು ಮಧ್ಯಾಹ್ನ, ಬನಶಂಕರಿಯಲ್ಲಿ ಎರಡು ಸಲ ಬಿಸಿಲಿನಲ್ಲಿ ನಿಲ್ಲಿಸಿ ನೋಡಿದೆ. ಐದೂ ಸಲ ಮುಳ್ಳು ನಡುಗಿ, ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಇಂಧನದ ಪೈಪುಗಳಲ್ಲಿ ಒಂದರ ತುದಿಯಲ್ಲಿ ಬಿರುಕು ಕಂಡಿತು, ಅದನ್ನೂ ಬದಲಿಸಿದ್ದೇವೆ. ಕೆಂಗೇರಿಯವರಿಗೆ ವಿಶೇಷ ಧನ್ಯವಾದ. ಗ್ಯಾರೇಜಿನವರು ತೆಗೆದುಕೊಟ್ಟಿದ್ದ ಹಳೆಯ ಪಂಪು ಡಿಕ್ಕಿಯಲ್ಲೇ ಇತ್ತು, ಅದನ್ನು ಒರೆಸಿ ಕಟ್ಟಿಟ್ಟಿದ್ದೇನೆ.

ಶನಿವಾರ ಅಮ್ಮನನ್ನು ಕೂರಿಸಿಕೊಂಡು ಮೇಲುಕೋಟೆಗೆ ಹೊರಟಿದ್ದೇವೆ. ಹೊರಡುವ ಮೊದಲು ನೋಡಬೇಕಾದದ್ದು ಇನ್ನೇನಾದರೂ ಇದೆಯೇ?

ಯಲಹಂಕ ಮೆಕ್ಯಾನಿಕ್

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ತಂದೆಯವರ ಫೈಲಿನಲ್ಲಿ ಹುಡುಕಿ. ಬಿಲ್ಲು ಸಿಗದಿದ್ದರೆ ಪ್ರಯಾಣಕ್ಕೆ ಮೊದಲೇ ಬದಲಿಸಿಬಿಡಿ ಮೇಡಂ. ಕಿಲೋಮೀಟರ್ ಕಡಿಮೆಯಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಪೀಣ್ಯ ಆಟೋ ಎಲೆಕ್ಟ್ರಿಷಿಯನ್

ಮೇಲುಕೋಟೆಯಿಂದ ಬಂದ ದಿನ, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಇಸಿಎಂ ಕಡೆಯಲ್ಲಿ ಒಮ್ಮೆ ಓಮ್ ಅಳೆದು ಇಲ್ಲಿ ಬರೆಯಿರಿ. 970ರ ಆಸುಪಾಸಿನಲ್ಲಿ ಇರಬೇಕು.